ಸಣ್ಣ ಕಾರ್ಯಕ್ರಮಗಳಲ್ಲಿ ನಿಮ್ಮ ಹಾಡುಗಳನ್ನು ನೀವೇ ಮಾರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬಡಾವಣೆಯ ಗಣೇಶೋತ್ಸವ, ನವೆಂಬರ್ ತಿಂಗಳಿಡೀ ನಡೆಯುವ ರಾಜ್ಯೋತ್ಸವದ ವೇದಿಕೆಗಳು, ಪುಸ್ತಕದಂಗಡಿಯ ಸಂಜೆ ಗಾಯನ, ಬೆಂಗಳೂರಿನ ನಯನ ಸಭಾಂಗಣ ಅಥವಾ ಹನುಮಂತನಗರದ ಕೆ.ಎಚ್. ಕಲಾಸೌಧದಂಥ ಚಿಕ್ಕ ರಂಗಮಂದಿರಗಳು: ಇಂಥ ಕಡೆಗಳಲ್ಲಿ ಭಾವಗೀತೆ, ತತ್ವಪದ, ಜನಪದ ಗೀತೆ ಮತ್ತು ಸ್ವಂತ ರಚನೆಗಳನ್ನು ಹಾಡುವವರು ತಮ್ಮ ಧ್ವನಿಮುದ್ರಿಕೆಯನ್ನು ತಾವೇ ಮಾರಲು ಹೊರಟಾಗ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು, ಆದಷ್ಟೂ ಕೇಳಿದವರ ಮಾತಿನಲ್ಲೇ, ಇಲ್ಲಿ ಸೇರಿಸಿದ್ದೇನೆ. ಮಾರಾಟದ ಉಪಾಯಗಳಿಗಿಂತ ಹಕ್ಕಿನ ಭಾಗವೇ ದೊಡ್ಡದಾಗಿದೆ. ಹಾಡನ್ನು ‘ನನ್ನದು’ ಎಂದು ಮೇಜಿನ ಮೇಲೆ ಇಡುವ ಮೊದಲು ಅದರಲ್ಲಿ ನನ್ನದೆಷ್ಟು, ಕವಿಯದೆಷ್ಟು, ರಾಗ ಸಂಯೋಜಿಸಿದವರದೆಷ್ಟು ಎಂದು ತಿಳಿದುಕೊಳ್ಳುವುದು ಮಾರಾಟದ ಮೊದಲ ಕೆಲಸವೆಂದು ನಾನು ನಂಬಿರುವುದೇ ಇದಕ್ಕೆ ಕಾರಣ.

## ಆರಂಭಿಸುವವರಿಗೆ

“ಎಲ್ಲಾ ಹಾಡೂ ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುವಾಗ ದುಡ್ಡು ಕೊಟ್ಟು ಯಾರು ತಗೋತಾರೆ ಸರ್?”

ಬರೀ ಕೇಳುವುದಕ್ಕಾಗಿ ಇಂದು ಯಾರೂ ಹಣ ಕೊಡಬೇಕಾಗಿಲ್ಲ ಎಂಬುದು ನಿಜ. ಆದರೂ ಕಾರ್ಯಕ್ರಮ ಮುಗಿದ ಮೇಲಿನ ಹತ್ತು ಹದಿನೈದು ನಿಮಿಷಗಳಲ್ಲಿ, ಈಗಷ್ಟೇ ಕೇಳಿದ ಹಾಡನ್ನು ಗುನುಗುತ್ತಲೇ ವೇದಿಕೆಯ ಹತ್ತಿರ ಬಂದು, ಹಾಡಿದವರ ಕೈಯಿಂದ ಏನನ್ನಾದರೂ ಪಡೆದು ಹೋಗಲು ಬಯಸುವ ಕೇಳುಗರು ಪ್ರತಿ ಸಭೆಯಲ್ಲೂ ಇರುತ್ತಾರೆ. ಅವರಲ್ಲಿ ಬಹಳ ಮಂದಿ ತಾವೂ ಹಾಡುವವರು: ಸುಗಮ ಸಂಗೀತದ ತರಗತಿಗೆ ಹೋಗುವ ಗೃಹಿಣಿಯರು, ಶಾಲೆಯ ಸಂಗೀತ ಶಿಕ್ಷಕರು, ನಿವೃತ್ತಿಯ ನಂತರ ಕಲಿಯಲು ತೊಡಗಿದವರು. ಇನ್ನೊಂದೆಡೆ ಸ್ಟ್ರೀಮಿಂಗ್‌ನಿಂದ ಸಣ್ಣ ಕಲಾವಿದರಿಗೆ ಬರುವುದು ಅತ್ಯಲ್ಪ. ಸ್ಪಾಟಿಫೈ ಸಂಸ್ಥೆ 2024ರಿಂದ, ಹಿಂದಿನ 12 ತಿಂಗಳುಗಳಲ್ಲಿ ಕನಿಷ್ಠ 1,000 ಸಲ ಜನ ಕೇಳದ ಹಾಡಿಗೆ ಧ್ವನಿಮುದ್ರಣದ ರಾಯಧನವನ್ನೇ ಕೊಡುತ್ತಿಲ್ಲ. ಆದ್ದರಿಂದ ಯೂಟ್ಯೂಬ್ ನಿಮ್ಮನ್ನು ಪರಿಚಯಿಸಲಿ, ಮಾರಾಟ ಸಭಾಂಗಣದ ಬಾಗಿಲಲ್ಲಿ ನಡೆಯಲಿ ಎಂಬುದು ನನ್ನ ಸಲಹೆ.

“ಸಿ.ಡಿ. ಮಾಡಿಸಲೋ, ಪೆನ್ ಡ್ರೈವ್ ಕೊಡಲೋ?”

ನಿಮ್ಮ ಕೇಳುಗರ ಮನೆಯಲ್ಲಿ ಸಿ.ಡಿ. ಓಡಿಸುವ ಯಂತ್ರ ಇದೆಯೇ ಎಂದು ಮೊದಲು ಕೇಳಿ ನೋಡಿ. ಹೊಸ ಲ್ಯಾಪ್‌ಟಾಪ್‌ಗಳಲ್ಲೂ ಕಾರುಗಳಲ್ಲೂ ಅದಕ್ಕೆ ಜಾಗವೇ ಉಳಿದಿಲ್ಲ. ಸಹಿ ಹಾಕಿಸಿಕೊಂಡು ಕಪಾಟಿನಲ್ಲಿ ಇಟ್ಟುಕೊಳ್ಳುವವರಿಗಾಗಿ ಒಂದಷ್ಟು ಸಿ.ಡಿ. ಸಾಕು, ಉಳಿದವರಿಗೆ ಪೆನ್ ಡ್ರೈವ್ ಅಥವಾ ಕ್ಯೂಆರ್ ಸಂಕೇತ ಮುದ್ರಿಸಿದ ಕಾರ್ಡು ಹೆಚ್ಚು ಉಪಯುಕ್ತ.

ಪೆನ್ ಡ್ರೈವ್ ಕೊಡುವುದಾದರೆ ಅದು ಕಾರಿನಲ್ಲಿ ಹಾಡಲೇಬೇಕು, ಏಕೆಂದರೆ ಕೊಳ್ಳುವವರು ಮೊದಲು ಕೇಳುವುದೇ “ಕಾರಲ್ಲಿ ಬರುತ್ತಾ?” ಎಂದು. ಅದನ್ನು ಫ್ಯಾಟ್-32 ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿ. ಬೇರೆ ವಿಧಾನಗಳನ್ನು ಹಲವು ಕಾರು ಸ್ಟೀರಿಯೊಗಳು ಓದುವುದಿಲ್ಲ. ಹಾಡುಗಳನ್ನು 320 ಕೆಬಿಪಿಎಸ್ ಎಂಪಿ3 ಕಡತಗಳಾಗಿ ಇಟ್ಟರೆ ನಾಲ್ಕು ನಿಮಿಷದ ಹಾಡು 10 ಎಂಬಿಗಿಂತ ಸ್ವಲ್ಪ ಕಡಿಮೆ ಜಾಗ ಹಿಡಿಯುತ್ತದೆ. ಹಾಗಾಗಿ ಅತಿ ಕಡಿಮೆ ಸಾಮರ್ಥ್ಯದ ಡ್ರೈವ್ ಕೂಡ ಧಾರಾಳವಾಯಿತು. ಕಡತಗಳ ಹೆಸರಿನ ಮುಂದೆ 01, 02 ಎಂದು ಅಂಕಿ ಹಾಕಿ, ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಿರಿ. ಹಳೆಯ ಸ್ಟೀರಿಯೊಗಳ ಪರದೆಯಲ್ಲಿ ಕನ್ನಡ ಲಿಪಿ ಬರೀ ಚೌಕಗಳಾಗಿ ಕಾಣುತ್ತದೆ. ಕನ್ನಡದ ಹೆಸರುಗಳು ಜೊತೆಗಿನ ಪುಸ್ತಿಕೆಯಲ್ಲಿ ಅಚ್ಚುಕಟ್ಟಾಗಿ ಇರಲಿ.

“‘ಮೇಡಂ, ಸಾಹಿತ್ಯ ಸಿಗುತ್ತಾ’ ಅಂತ ಎಲ್ಲರೂ ಕೇಳ್ತಾರೆ. ಅದನ್ನೇ ಮಾರಬಹುದಾ?”

ಖಂಡಿತ ಮಾರಬಹುದು. ಕನ್ನಡದ ಸಣ್ಣ ಸಭೆಗಳಲ್ಲಿ ಇದಕ್ಕಿಂತ ಸಹಜವಾಗಿ ಮಾರಾಟವಾಗುವ ವಸ್ತು ಮತ್ತೊಂದಿಲ್ಲ. ನವರಾತ್ರಿಯ ಗೊಂಬೆ ಆರತಿಗೋ, ಮಹಿಳಾ ಸಮಾಜದ ಸ್ಪರ್ಧೆಗೋ ಹೊಸ ಹಾಡು ಹುಡುಕುವವರಿಗೆ ಪೂರ್ತಿ ಸಾಹಿತ್ಯ ಬೇಕು. ಪಲ್ಲವಿಯಿಂದ ಕೊನೆಯ ಚರಣದವರೆಗೆ ಪಾಠದೋಷವಿಲ್ಲದ ಸಾಹಿತ್ಯ, ರಾಗ ಮತ್ತು ತಾಳದ ಹೆಸರು, ನೀವು ಹಾಡಿರುವ ಶ್ರುತಿ, ಕಷ್ಟದ ಪದಗಳಿಗೆ ಅರ್ಥ, ಇಷ್ಟನ್ನು ಒಳಗೊಂಡ ಹದಿನಾರು ಪುಟದ ಪುಸ್ತಿಕೆಯ ಕೊನೆಯ ಪುಟದಲ್ಲಿ ಹಾಡುಗಳ ಕ್ಯೂಆರ್ ಸಂಕೇತ ಹಾಕಿದರೆ, ಸಿ.ಡಿ.ಯ ಖರ್ಚಿಲ್ಲದೆಯೇ ಇಡೀ ಸಂಪುಟವನ್ನು ಕೈಗೆ ಕೊಟ್ಟಂತಾಗುತ್ತದೆ. ಅಕ್ಷರ ದೊಡ್ಡದಾಗಿರಲಿ, ಓದುವವರಲ್ಲಿ ಅರವತ್ತು ದಾಟಿದವರು ಬಹಳ.

ಇದರ ಮುಂದಿನ ಹೆಜ್ಜೆ, ಗಾಯನವಿಲ್ಲದ ಬರೀ ವಾದ್ಯದ ಟ್ರ್ಯಾಕ್. ಅದನ್ನು ಹೆಂಗಸರಿಗೆ ಹೊಂದುವ ಐದೂವರೆ ಮನೆ, ಗಂಡಸರಿಗೆ ಹೊಂದುವ ಒಂದೂವರೆ ಮನೆ, ಹೀಗೆ ಎರಡು ಶ್ರುತಿಗಳಲ್ಲಿ ಕೊಟ್ಟರೆ ಕಲಿಯುವವರಿಗೆ ಬಹಳ ಉಪಕಾರ. ಹಾರ್ಮೋನಿಯಂ ಮನೆಗಳ ಬಣ್ಣ ಹಿಡಿದು ಬಿಳಿ ನಾಲ್ಕು, ಕಪ್ಪು ಎರಡು ಎಂದು ಶ್ರುತಿ ಹೇಳುವ ಊರುಗಳಲ್ಲಿ ಮಾರುವಾಗ ಅದನ್ನೂ ನಮೂದಿಸಿ. ಒಂದು ಎಚ್ಚರ: ಹಾಡಲು ಪಡೆದ ಒಪ್ಪಿಗೆ ಸಾಹಿತ್ಯವನ್ನು ಅಚ್ಚು ಹಾಕಲು ಸಾಲದು. ಕವಿತೆ ಕವಿಯ ಹಕ್ಕಿನಲ್ಲಿದ್ದರೆ ಮುದ್ರಣದ ವಿಷಯವನ್ನು ಪತ್ರದಲ್ಲಿ ಬೇರೆಯಾಗಿಯೇ ಬರೆಸಿಕೊಳ್ಳಿ.

“ಎಷ್ಟು ಪ್ರತಿ ಹಾಕಿಸಬೇಕು?”

ಮೊದಲ ಸಲ ಕಡಿಮೆ. ನಾನು ಹೇಳುವ ಅಂದಾಜು, ನಿರೀಕ್ಷಿತ ಹತ್ತು ಕೇಳುಗರಿಗೆ ಒಂದು ಪ್ರತಿ. ಒಂದು ಮನೆಯಿಂದ ಮೂರು ನಾಲ್ಕು ಜನ ಬಂದಿದ್ದರೂ ಕೊಳ್ಳುವುದು ಒಂದೇ. ಸಾವಿರ ಪ್ರತಿ ಹಾಕಿಸಿದರೆ ಒಂದೊಂದರ ಬೆಲೆ ಇಳಿಯುತ್ತದೆ ಎಂದು ಮುದ್ರಕರು ಹೇಳುವುದು ಸರಿಯಾದರೂ, ಮಾರಾಟವಾಗದೆ ಅಟ್ಟ ಸೇರಿದ ಪ್ರತಿಗಳ ಬೆಲೆ ಆ ಲೆಕ್ಕದಲ್ಲಿ ಇರುವುದಿಲ್ಲ.

## ಮೇಜು, ಬೆಲೆ, ಹಣ

“ಮೇಜು ಹಾಕಾಕ ಸಂಘಟಕರನ್ನ ಕೇಳಬೇಕೇನ್ರಿ? ಅವರು ಪಾಲು ಕೇಳಿದ್ರ?”

ಕೇಳಲೇಬೇಕು; ಅದೂ ದಿನಾಂಕ ಒಪ್ಪಿಕೊಳ್ಳುವಾಗಲೇ, ಸಂಭಾವನೆಯ ಮಾತಿನ ಜೊತೆಗೇ. ಸಭಾಂಗಣ ಬಾಡಿಗೆಗೆ ಪಡೆದವರು ಅವರು. ಕೆಲವು ಸಭಾಂಗಣಗಳು ಆವರಣದೊಳಗೆ ಮಾರಾಟಕ್ಕೆ ಪ್ರತ್ಯೇಕ ಅನುಮತಿ ಕೇಳುತ್ತವೆ. ದೇವಸ್ಥಾನ ಅಥವಾ ಮಠದ ಕಾರ್ಯಕ್ರಮವಾದರೆ ಹಣದ ವ್ಯವಹಾರವನ್ನು ಎಲ್ಲಿ ಇಟ್ಟುಕೊಳ್ಳಬಹುದು ಎಂದು ಅಲ್ಲಿಯವರನ್ನೇ ಕೇಳಿ, ಅವರು ತೋರಿಸಿದ ಜಾಗಕ್ಕೆ ಹೋಗಿ. ಸಂಭಾವನೆ ಕೊಡದೆ ಅಥವಾ ಬರೀ ಪ್ರಯಾಣದ ಖರ್ಚು ಕೊಟ್ಟು ಕರೆದವರು ಮಾರಾಟದಲ್ಲಿ ಪಾಲು ಕೇಳುವುದು ನ್ಯಾಯವಲ್ಲ, ಹಾಗೆಂದು ವಿನಯದಿಂದ ಹೇಳಬೇಕು. ಪೂರ್ಣ ಸಂಭಾವನೆ ಕೊಟ್ಟು, ಮೇಜು ಹಾಕಿಸಿ, ಕೂರಲು ತಮ್ಮ ಸ್ವಯಂಸೇವಕರನ್ನೂ ಕೊಟ್ಟವರಿಗೆ ಒಂದು ಸಣ್ಣ ಪಾಲು ಕೊಡುವುದರಲ್ಲಿ ತಪ್ಪಿಲ್ಲ.

ಮೇಜು ಎಲ್ಲಿರಬೇಕೆಂಬುದೂ ಮುಖ್ಯ. ಜನ ಹೊರಗೆ ಹೋಗುವ ಬಾಗಿಲಿನ ಪಕ್ಕದಲ್ಲಿ, ಬೆಳಕಿನ ಕೆಳಗೆ, ಚಪ್ಪಲಿ ಬಿಡುವ ಜಾಗದಿಂದ ದೂರವಾಗಿ ಇರಲಿ. ಕಾಫಿ ತಿಂಡಿಯ ವ್ಯವಸ್ಥೆ ಬೇರೆ ಬಾಗಿಲಲ್ಲಿದ್ದರೆ ಎಲ್ಲರೂ ಅತ್ತಲೇ ಹೊರಡುತ್ತಾರೆ, ಮೇಜೂ ಅಲ್ಲಿಗೇ ಹೋಗಬೇಕು.

“ವೇದಿಕೆ ಮೇಲಿಂದ ‘ತಗೊಳ್ಳಿ’ ಅನ್ನೋಕೆ ಸಂಕೋಚ ಆಗುತ್ತೆ.”

ಹಾಡುವವರಿಗೆ ಆ ಸಂಕೋಚ ಸಹಜ. ನಿರೂಪಕರಿಗೆ ಅದು ಇರಬೇಕಾಗಿಲ್ಲ. ಕೊನೆಯ ಹಾಡಿಗೆ ಮುಂಚೆ ಎರಡು ವಾಕ್ಯ ಓದಿ ಹೇಳುವಂತೆ ಚೀಟಿ ಬರೆದುಕೊಡಿ: ಏನಿದೆ, ಬೆಲೆ ಎಷ್ಟು, ಯಾವ ಬಾಗಿಲ ಬಳಿ. ವಂದನಾರ್ಪಣೆಯವರೆಗೆ ಕಾದರೆ ಅರ್ಧ ಸಭೆ ಎದ್ದಿರುತ್ತದೆ. ನೀವೇ ಹೇಳುವುದಾದರೆ ಹಾಡಿನ ಹಿನ್ನೆಲೆ ವಿವರಿಸುವಾಗ, “ಈ ಪದದ ಉಳಿದ ಮೂರು ನುಡಿಗಳು ಪುಸ್ತಿಕೆಯಲ್ಲಿವೆ” ಎಂದರೆ ಸಾಕು. ಅದು ಕೇಳುಗರಿಗೆ ಉಪಯೋಗದ ಮಾಹಿತಿಯೂ ಹೌದು. ಕಾರ್ಯಕ್ರಮ ಮುಗಿದ ಕೂಡಲೇ ವಾದ್ಯಗಳನ್ನು ಕಟ್ಟಿಡುವುದನ್ನು ಬೇರೆಯವರಿಗೆ ಬಿಟ್ಟು ನೀವು ಮೇಜಿನ ಬಳಿಗೆ ಬನ್ನಿ. ಹಾಡಿದವರು ಅಲ್ಲಿ ನಿಂತಿದ್ದರೆ ಆಗುವ ಮಾರಾಟವೇ ಬೇರೆ.

“ಬೆಲೆ ಎಷ್ಟಿಡಬೇಕು? ಜಾಸ್ತಿ ಅಂದ್ಕೊಂಡ್ರೆ?”

ಬೆಲೆ ಒಂದು ನೋಟಿನಲ್ಲಿ ಮುಗಿಯುವಂತಿರಲಿ: 100, 200 ಅಥವಾ 500 ರೂಪಾಯಿ. 180 ಎಂದಿಟ್ಟರೆ ಚಿಲ್ಲರೆ ಹುಡುಕುವಷ್ಟರಲ್ಲಿ ಹಿಂದೆ ನಿಂತ ಇಬ್ಬರು ಹೊರಟುಹೋಗಿರುತ್ತಾರೆ. ಮುದ್ರಣ, ಕವಿಗಳಿಗೆ ಕೊಡಬೇಕಾದ ಗೌರವಧನ, ಸ್ಟುಡಿಯೋ ಖರ್ಚಿನ ಒಂದು ಭಾಗ, ಇವನ್ನು ಕೂಡಿ ನೋಡಿ. ಪ್ರತಿಗೆ 80 ರೂಪಾಯಿ ಆಗಿದ್ದರೆ 100ಕ್ಕೆ ಮಾರಿ ಹೆಚ್ಚೇನೂ ಉಳಿಯುವುದಿಲ್ಲ, 200 ಸರಿಯಾದ ಬೆಲೆ. ಪುಸ್ತಿಕೆ 100, ಪುಸ್ತಿಕೆಯೊಂದಿಗೆ ಪೆನ್ ಡ್ರೈವ್ 500 ಎಂದು ಎರಡೇ ಹಂತ ಇಟ್ಟು, ದೊಡ್ಡ ಅಕ್ಷರದ ಫಲಕದಲ್ಲಿ ಬರೆದಿಡಿ. ಬೆಲೆ ಕಾಣದಿದ್ದರೆ ಕೇಳಲು ಹಿಂಜರಿದು ಹಾಗೆಯೇ ಹೋಗುವವರಿದ್ದಾರೆ. ಪರಿಚಯದವರಿಗೆ ಪುಕ್ಕಟೆ ಕೊಡಬೇಕಾದರೆ ಮೇಜಿನ ಮೇಲಿಂದ ಕೊಡಬೇಡಿ, ಮನೆಗೆ ಕಳಿಸಿಕೊಡಿ.

“ಯುಪಿಐ ಒಂದೇ ಸಾಕಲ್ವಾ?”

ಸಾಲದು. ನೆಲಮಾಳಿಗೆಯ ಸಭಾಂಗಣಗಳಲ್ಲಿ, ಮಲೆನಾಡಿನ ಊರುಗಳಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ನೂರು ಮತ್ತು ಐವತ್ತರ ನೋಟುಗಳ ಒಂದು ಕಟ್ಟು ಕೈಯಲ್ಲಿರಲಿ. ಕ್ಯೂಆರ್ ಸಂಕೇತವನ್ನು ಅಂಗೈ ಅಗಲಕ್ಕೆ ಮುದ್ರಿಸಿ ನಿಲ್ಲಿಸಿ, ಮತ್ತು ಅದಕ್ಕೆ ಜೋಡಿಸಿದ ಫೋನು ವೇದಿಕೆಯ ಮೇಲಿರುವ ಗಾಯಕರ ಬ್ಯಾಗಿನಲ್ಲಿರದೆ ಮೇಜಿನಲ್ಲಿ ಕೂತವರ ಕೈಯಲ್ಲಿರಲಿ. ಕೊಟ್ಟವರ ಪರದೆಯಲ್ಲಿ ಕಾಣುವ ಹಸಿರು ಗುರುತನ್ನು ನೆಚ್ಚದೆ ನಿಮ್ಮ ಖಾತೆಗೆ ಹಣ ಬಂದ ಸಂದೇಶ ನೋಡಿ ಪ್ರತಿ ಕೊಡಿ. ಮಾರಾಟಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆದರೆ ವರ್ಷದ ಕೊನೆಯ ಲೆಕ್ಕ ಬಹಳ ಸುಲಭ.

“ಪೆನ್ ಡ್ರೈವ್ ಕೊಟ್ರೆ ಕಾಪಿ ಮಾಡಿ ವಾಟ್ಸ್ಯಾಪಲ್ಲಿ ಹಂಚ್ತಾರಲ್ಲ ಮಾರಾಯ್ರೆ, ಏನು ಮಾಡುವುದು?”

ಹಂಚುತ್ತಾರೆ. ನಕಲು ಮಾಡಲಾಗದಂತೆ ಬೀಗ ಹಾಕಿದ ಕಡತಗಳು ಕಾರಿನಲ್ಲಿ ಹಾಡುವುದಿಲ್ಲವಾದ್ದರಿಂದ ಪ್ರಾಮಾಣಿಕವಾಗಿ ಕೊಂಡವರಿಗೇ ತೊಂದರೆ. ಪ್ರತಿ ಕಡತದ ಒಳಮಾಹಿತಿಯಲ್ಲಿ ಹಾಡಿದವರ, ಕವಿಯ, ಸಂಯೋಜಕರ ಹೆಸರನ್ನು ತುಂಬಿಡಿ. ಹಾಡು ಎಲ್ಲಿಗೆ ಹೋದರೂ ಹೆಸರು ಜೊತೆಗೆ ಹೋಗಲಿ.

## ಹಕ್ಕಿನ ಪ್ರಶ್ನೆಗಳು

“ಶಿಶುನಾಳ ಶರೀಫರ ಪದ ಹಾಡಿದ್ದೇನೆ. ಅದಕ್ಕೂ ಪರ್ಮಿಶನ್ ಬೇಕಾ?”

ಪದಕ್ಕೆ ಬೇಡ, ಧಾಟಿಗೆ ಬೇಕಾಗಬಹುದು. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಾಹಿತ್ಯಕ್ಕೂ ಸಂಗೀತ ಸಂಯೋಜನೆಗೂ ಕರ್ತೃವಿನ ಜೀವಿತಾವಧಿ ಮತ್ತು ಮರಣದ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ರಕ್ಷಣೆ ಇದೆ. ಶರೀಫರು ತೀರಿಕೊಂಡದ್ದು 1889ರಲ್ಲಿ. ವಚನಗಳು, ದಾಸರ ಪದಗಳು, ಸರ್ವಜ್ಞನ ತ್ರಿಪದಿಗಳು, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರ ಮತ್ತು 1946ರಲ್ಲಿ ತೀರಿಕೊಂಡ ಬಿ.ಎಂ.ಶ್ರೀ. ಅವರ ಕವಿತೆಗಳು ಕೂಡ ಹೀಗೆಯೇ ಎಲ್ಲರ ಸ್ವತ್ತಾಗಿವೆ.

ಆದರೆ ಶರೀಫರ ಹಲವು ಪದಗಳನ್ನು ನಾವು ಇಂದು ಹಾಡುವ ಧಾಟಿ ಸಿ. ಅಶ್ವತ್ಥ್ ಅವರ ಸಂಯೋಜನೆ. ಅವರು ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಅಂದರೆ ಆ ಸಂಯೋಜನೆಗಳಿಗೆ 2069ರ ಕೊನೆಯವರೆಗೆ ರಕ್ಷಣೆ ಇದೆ. ಊರಿನಲ್ಲಿ ಎಲ್ಲರೂ ಹಾಡುತ್ತಾರೆಂಬ ಮಾತ್ರಕ್ಕೆ ಅದು ‘ಸಾಂಪ್ರದಾಯಿಕ’ ಆಗುವುದಿಲ್ಲ. ಇದನ್ನು ತಿಳಿಯದೆ ಮುಖಪುಟದಲ್ಲಿ ‘ಸಂಗೀತ: ಸಾಂಪ್ರದಾಯಿಕ’ ಎಂದು ಅಚ್ಚು ಹಾಕಿಸುವುದು ನನಗೆ ಬಹಳ ನೋವು ತರುವ ಸಂಗತಿ, ಏಕೆಂದರೆ ಒಬ್ಬ ಸಂಯೋಜಕರ ಬಾಳಿನ ದುಡಿಮೆ ಒಂದು ಪದದಿಂದ ಅಳಿಸಿಹೋಗುತ್ತದೆ. ನಿಮ್ಮ ಮುಂದೆ ಎರಡು ನೇರ ದಾರಿಗಳಿವೆ: ಹಕ್ಕುದಾರರಿಂದ ಒಪ್ಪಿಗೆ ಪಡೆಯುವುದು, ಇಲ್ಲವೇ ಹೊಸ ಧಾಟಿ ಕಟ್ಟುವುದು. ಧಾರವಾಡ, ಹಾವೇರಿ ಕಡೆಯ ಭಜನಾ ಮಂಡಳಿಗಳು ತಲೆಮಾರುಗಳಿಂದ ಹಾಡಿಕೊಂಡು ಬಂದಿರುವ ಮಟ್ಟುಗಳನ್ನು ಹೋಗಿ ಕೇಳಿ, ಕಲಿತು, ಕಲಿಸಿದ ಮಂಡಳಿಯ ಹೆಸರನ್ನು ನಮೂದಿಸಿ ಹಾಡುವುದೂ ಒಳ್ಳೆಯ ಮಾರ್ಗ.

“ಬೇಂದ್ರೆ, ಕುವೆಂಪು ಎಲ್ಲರಿಗೂ ಸೇರಿದವರಲ್ಲವೆ?”

ಪ್ರೀತಿಯಲ್ಲಿ ಹೌದು, ಕಾನೂನಿನಲ್ಲಿ ಇನ್ನೂ ಇಲ್ಲ. ಡಿ.ವಿ.ಜಿ. 1975ರಲ್ಲಿ ತೀರಿಕೊಂಡರು, ಅವರ ಕೃತಿಗಳಿಗೆ 2035ರ ಕೊನೆಯವರೆಗೆ ರಕ್ಷಣೆ ಇದೆ. ಬೇಂದ್ರೆಯವರ (1981) ಕವಿತೆಗಳಿಗೆ 2041, ಕುವೆಂಪು ಅವರ (1994) ಕವಿತೆಗಳಿಗೆ 2054, ಕೆ.ಎಸ್. ನರಸಿಂಹಸ್ವಾಮಿಯವರ (2003) ಕವಿತೆಗಳಿಗೆ 2063. ಹಕ್ಕು ಕುಟುಂಬದವರಲ್ಲಿ, ಟ್ರಸ್ಟಿನಲ್ಲಿ ಅಥವಾ ಪ್ರಕಾಶಕರಲ್ಲಿ ಇರಬಹುದು. ಇತ್ತೀಚಿನ ಸಂಕಲನದ ಒಳಪುಟ ನೋಡಿದರೆ ಸುಳಿವು ಸಿಗುತ್ತದೆ. ಯಾವ ಕವಿತೆ, ಎಷ್ಟು ಪ್ರತಿ, ಏನು ಬೆಲೆ, ಎಷ್ಟು ಗೌರವಧನ ಎಂದು ಸ್ಪಷ್ಟವಾಗಿ ಬರೆದು ಕೇಳಿ. ಇನ್ನೂರು ಪ್ರತಿಯ ಸಣ್ಣ ಪ್ರಯತ್ನಕ್ಕೆ, ಮರ್ಯಾದೆಯಿಂದ ಕೇಳಿದರೆ, ಇಲ್ಲವೆನ್ನುವವರು ಕಡಿಮೆ. ಬೇಸರವಾಗುವುದು ಕೇಳದೆ ಬಳಸಿದಾಗ.

“ಉಚಿತ ಪ್ರವೇಶದ ಕಾರ್ಯಕ್ರಮದಲ್ಲಿ ಹಾಡೋಕೆ ಲೈಸೆನ್ಸ್ ಬೇಡ ಅಂದ್ರು. ಹಾಗಾದ್ರೆ ರೆಕಾರ್ಡಿಂಗ್ ಮಾರೋಕೂ ಬೇಡ ತಾನೇ?”

ಇವೆರಡೂ ಬೇರೆ. ಹಣ ಕೊಡದ ಪ್ರೇಕ್ಷಕರೆದುರು ಹವ್ಯಾಸಿಗಳು ನಡೆಸುವ ಗಾಯನಕ್ಕೂ, ಧಾರ್ಮಿಕ ಸಮಾರಂಭ ಮತ್ತು ಸರ್ಕಾರಿ ಸಮಾರಂಭಗಳಲ್ಲಿನ ಗಾಯನಕ್ಕೂ ಕಾಯ್ದೆಯ 52ನೇ ಕಲಮಿನಲ್ಲಿ ವಿನಾಯಿತಿಗಳಿವೆ. ಅವು ಆ ಹೊತ್ತಿನ ಪ್ರದರ್ಶನಕ್ಕೆ ಮಾತ್ರ ಅನ್ವಯಿಸುತ್ತವೆ. ಧ್ವನಿಮುದ್ರಿಸಿ ಪ್ರತಿಗಳನ್ನು ಮಾರುವುದಕ್ಕೆ ಅನ್ವಯಿಸುವುದಿಲ್ಲ. ಟಿಕೆಟ್ ಇಟ್ಟ ಕಾರ್ಯಕ್ರಮವಾದರೆ, ಕವಿಗಳ ಮತ್ತು ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆಯ ಪರವಾನಗಿಯನ್ನು ಸಾಮಾನ್ಯವಾಗಿ ಸಂಘಟಕರೇ ಪಡೆಯುತ್ತಾರೆ. ಸ್ವಂತ ರಚನೆ ಮಾಡುವವರು ಆ ಸಂಸ್ಥೆಗೆ ಸದಸ್ಯರಾಗುವುದು ಒಳ್ಳೆಯದು.

“ಹಳೇ ಸಿನಿಮಾ ಹಾಡಿನ ಕವರ್ ಮಾಡಿ ಮಾರಬಹುದಾ? ಐದು ವರ್ಷ ಆದ್ರೆ ಸಾಕು ಅಂತಾರೆ.”

ಅರ್ಧ ಸತ್ಯ. 2012ರ ತಿದ್ದುಪಡಿಯಲ್ಲಿ ಬಂದ 31ಸಿ ಕಲಮಿನಂತೆ, ಮೊದಲ ಧ್ವನಿಮುದ್ರಣ ಆದ ವರ್ಷ ಮುಗಿದು ಐದು ಪೂರ್ಣ ವರ್ಷಗಳು ಕಳೆದ ಮೇಲೆ ಕವರ್ ಆವೃತ್ತಿ, ಅಂದರೆ ಅದೇ ಹಾಡನ್ನು ಬೇರೆಯವರು ಹೊಸದಾಗಿ ಹಾಡಿದ ಧ್ವನಿಮುದ್ರಣ, ಮಾಡಲು ಅವಕಾಶವಿದೆ. ಆದರೆ ಹಕ್ಕುದಾರರಿಗೆ ಮುಂಚಿತವಾಗಿ ನೋಟಿಸು ಕೊಡಬೇಕು, ರಾಯಧನವನ್ನು ಮುಂಗಡ ಕೊಡಬೇಕು, ಹೊದಿಕೆಯ ಮೇಲೆ ಇದು ಕವರ್ ಆವೃತ್ತಿ ಎಂದು ಬರೆಯಬೇಕು, ಮೂಲ ಗಾಯಕರ ಹೆಸರನ್ನಾಗಲಿ ಚಿತ್ರವನ್ನಾಗಲಿ ಬಳಸಿ ದಾರಿ ತಪ್ಪಿಸಬಾರದು. ಮುಖ್ಯವಾಗಿ, ವರ್ಷಕ್ಕೆ ಪ್ರತಿ ಹಾಡಿಗೆ ಕನಿಷ್ಠ 50,000 ಪ್ರತಿಗಳ ರಾಯಧನ ಕೊಡಬೇಕೆಂಬ ನಿಯಮವಿದೆ. ಇನ್ನೂರು ಪ್ರತಿ ಮಾರುವವರಿಗೆ ಇದು ನಡೆಯುವ ದಾರಿಯಲ್ಲ. ಹಾಡಿನ ಹಕ್ಕು ಹೊಂದಿರುವ ಕಂಪನಿಯನ್ನೇ ನೇರವಾಗಿ ಕೇಳಿ, ಸಿಗದಿದ್ದರೆ ವೇದಿಕೆಯಲ್ಲಿ ಹಾಡಿ ಸಂತೋಷಪಡಿ, ಮಾರಾಟದ ಸಂಪುಟದಿಂದ ಬಿಡಿ.

“ಕವಿಗಳು ಫೋನಲ್ಲಿ ‘ಧಾರಾಳವಾಗಿ ಹಾಡಿ’ ಅಂದಿದ್ದಾರೆ. ಸಾಕಲ್ಲವೆ?”

ಅವರ ಔದಾರ್ಯ ದೊಡ್ಡದು, ಆದರೂ ಬರವಣಿಗೆ ಬೇಕು. ಪರವಾನಗಿ ಲಿಖಿತವಾಗಿರಬೇಕೆಂದು ಕಾಯ್ದೆಯೇ ಹೇಳುತ್ತದೆ. ಅವಧಿ ಬರೆಯದಿದ್ದರೆ ಐದು ವರ್ಷವೆಂದೂ, ವ್ಯಾಪ್ತಿ ಬರೆಯದಿದ್ದರೆ ಭಾರತಕ್ಕೆ ಮಾತ್ರವೆಂದೂ ಕಾಯ್ದೆ ಭಾವಿಸುತ್ತದೆ. ಹಾಡನ್ನು ಅಂತರ್ಜಾಲಕ್ಕೆ ಏರಿಸಿದರೆ ಅದು ಗಡಿ ದಾಟುವುದರಿಂದ ‘ಎಲ್ಲ ದೇಶಗಳಿಗೂ’ ಎಂಬ ಮಾತು ಪತ್ರದಲ್ಲಿರಲಿ. ಒಂದು ಪುಟ ಸಾಕು. ಕವಿಗಳು ಕಾಲವಾದ ನಂತರ ಮಕ್ಕಳೊಂದಿಗೆ ಮನಸ್ತಾಪ ಬರದಂತೆ ಕಾಯುವುದೂ ಆ ಪುಟವೇ.

“ಸಂಗೀತ ಕಛೇರಿಯನ್ನೇ ರೆಕಾರ್ಡ್ ಮಾಡಿ ಮಾರಿದರೆ?”

ಮಾರಬಹುದು, ತಬಲಾ, ಕೊಳಲು, ಕೀಬೋರ್ಡ್ ನುಡಿಸಿದ ಪ್ರತಿಯೊಬ್ಬರ ಒಪ್ಪಿಗೆ ಇದ್ದರೆ. ಪಕ್ಕವಾದ್ಯದವರಿಗೂ ತಮ್ಮ ನುಡಿಸಾಣಿಕೆಯ ಮೇಲೆ ಪ್ರದರ್ಶಕರ ಹಕ್ಕು ಇದ್ದು, ಅದು 50 ವರ್ಷ ಉಳಿಯುತ್ತದೆ. ವಾದ್ಯ ಹೂಡುವ ಮೊದಲೇ ಕೇಳಿ. ಧ್ವನಿಮುದ್ರಣ ಆಗುತ್ತಿದೆಯೆಂದು ಗೊತ್ತಿದ್ದಾಗ ನುಡಿಸುವ ಬಗೆಯೇ ಬೇರೆ.

“ಕವರ್ ಮೇಲೆ ಏನೇನು ಹಾಕಬೇಕು?”

ಧ್ವನಿಮುದ್ರಣ ಮಾಡಿದವರ ಹೆಸರು ಮತ್ತು ವಿಳಾಸ, ಕೃತಿಸ್ವಾಮ್ಯ ಹೊಂದಿದವರ ಹೆಸರು ಮತ್ತು ವಿಳಾಸ, ಮೊದಲು ಪ್ರಕಟವಾದ ವರ್ಷ: ಇವು ಮುದ್ರಿಕೆಯ ಮೇಲೂ ಹೊದಿಕೆಯ ಮೇಲೂ ಇರಲೇಬೇಕೆಂದು 52ಎ ಕಲಮು ವಿಧಿಸುತ್ತದೆ. ಮನೆಯ ವಿಳಾಸ ಹಾಕಲು ಇಷ್ಟವಿಲ್ಲದವರು ಮೊದಲೇ ಒಂದು ಕಚೇರಿಯ ವಿಳಾಸದ ವ್ಯವಸ್ಥೆ ಮಾಡಿಕೊಳ್ಳಲಿ. ಇವುಗಳ ಜೊತೆಗೆ ಪ್ರತಿ ಹಾಡಿನ ಕವಿ, ರಾಗ ಸಂಯೋಜಕರು, ವಾದ್ಯಗಾರರು, ಧ್ವನಿಗ್ರಹಣ ಮಾಡಿದವರ ಹೆಸರನ್ನು ಹಾಕುವುದು ನಮ್ಮ ಕರ್ತವ್ಯ. ಹಾಡನ್ನು ಸ್ಪಾಟಿಫೈಯಂಥ ಸ್ಟ್ರೀಮಿಂಗ್ ತಾಣಗಳಲ್ಲೂ ಬಿಡುವುದಾದರೆ ಪ್ರತಿಯೊಂದಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ–ಅಂಕಿಗಳ ಗುರುತಿನ ಸಂಕೇತ ಬೇಕು. ಹಾಡನ್ನು ಆ ತಾಣಗಳಿಗೆ ತಲುಪಿಸುವ ವಿತರಕರೇ ಅದನ್ನು ಒದಗಿಸುತ್ತಾರೆ.

## ಲೆಕ್ಕ, ಪಾಲು ಮತ್ತು ಹೊರನಾಡು

“ಬಂದ ದುಡ್ಡನ್ನು ಪಕ್ಕವಾದ್ಯದವರ ಜೊತೆ ಹೇಗೆ ಹಂಚಿಕೊಳ್ಳೋದು?”

ಸ್ಟುಡಿಯೋದಲ್ಲಿ ನುಡಿಸಿದ ದಿನವೇ ಪೂರ್ತಿ ಸಂಭಾವನೆ ಕೊಟ್ಟು ಮುಗಿಸಿದ್ದರೆ ಮಾರಾಟದಲ್ಲಿ ಪಾಲಿನ ಪ್ರಶ್ನೆ ಸಾಮಾನ್ಯವಾಗಿ ಏಳುವುದಿಲ್ಲ. ಸ್ನೇಹಕ್ಕೆಂದು ಕಡಿಮೆ ಪಡೆದು ನುಡಿಸಿದ್ದರೆ ಖರ್ಚು ಹುಟ್ಟಿದ ಮೇಲಿನ ಹಣದಲ್ಲಿ ಅವರಿಗೆ ಪಾಲು ಇರಬೇಕು, ಮತ್ತು ಆ ‘ಖರ್ಚು’ ಎಂದರೆ ಎಷ್ಟು ಎಂದು ಮೊದಲೇ ಎಲ್ಲರಿಗೂ ಗೊತ್ತಿರಬೇಕು. ಒಂದು ನೋಟ್ ಪುಸ್ತಕದಲ್ಲಿ ದಿನಾಂಕ, ಊರು, ಒಯ್ದ ಪ್ರತಿ, ಮಾರಿದ ಪ್ರತಿ, ನಗದು, ಯುಪಿಐ ಎಂದು ಆಯಾ ರಾತ್ರಿಯೇ ಬರೆದು ವಾದ್ಯವೃಂದದ ಗುಂಪಿಗೆ ಚಿತ್ರ ಕಳಿಸಿ.

“ಜಿಎಸ್‌ಟಿ ಕಟ್ಟಬೇಕಾ?”

ಕರ್ನಾಟಕದಲ್ಲಿ ಬರೀ ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು, ಸೇವೆ ಒದಗಿಸುವವರಿಗೆ 20 ಲಕ್ಷ. ಹಾಡಿ ಸಂಭಾವನೆ ಪಡೆಯುವುದೂ ಸೇವೆಯೇ ಆದ್ದರಿಂದ ಎರಡನ್ನೂ ಕೂಡಿ 20 ಲಕ್ಷದ ಮಿತಿ ನೋಡಬೇಕು. ಆದರೆ ವಹಿವಾಟು ಎಷ್ಟೇ ಇದ್ದರೂ ಆದಾಯ ತೆರಿಗೆಯ ಲೆಕ್ಕಕ್ಕೆ ಈ ಮಾರಾಟದ ಹಣ ಸೇರಲೇಬೇಕು.

“ಅಮೆರಿಕದ ಕನ್ನಡ ಕೂಟದವರು ಕರೆದಿದ್ದಾರೆ, ನೂರು ಪ್ರತಿ ತಗೊಂಡು ಹೋಗಲಾ?”

ಮೊದಲು ವೀಸಾ ವಿಚಾರಿಸಿ. ಪ್ರವಾಸಿ ವೀಸಾದಲ್ಲಿ ಹೋಗಿ, ಹಣ ಕೊಟ್ಟು ಬಂದ ಪ್ರೇಕ್ಷಕರೆದುರು ವೃತ್ತಿಪರವಾಗಿ ಹಾಡಲು ಅಲ್ಲಿ ಅವಕಾಶವಿಲ್ಲ. ವಿಶಿಷ್ಟ ಸಂಸ್ಕೃತಿಯ ಕಲಾವಿದರಿಗೆಂದು ಪಿ-3 ಎಂಬ ಬೇರೆ ವೀಸಾ ಇದ್ದು, ಕರೆಯುವ ಸಂಸ್ಥೆಯೇ ಅದಕ್ಕೆ ಅರ್ಜಿ ಹಾಕಬೇಕು. ಮಾರಾಟದ ಸರಕನ್ನು ಪೆಟ್ಟಿಗೆಯಲ್ಲಿ ಒಯ್ದರೆ ಸುಂಕದವರಿಗೆ ತಿಳಿಸಬೇಕಾಗುತ್ತದೆ. ಇದಕ್ಕಿಂತ ಸರಳವಾದದ್ದು, ಕಲಾವಿದರು ತಮ್ಮ ಹಾಡುಗಳನ್ನು ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್‌ನಂಥ ಅಂತರ್ಜಾಲ ತಾಣದಲ್ಲಿ ಸಂಪುಟವನ್ನಿಟ್ಟು ಅದರ ಸಂಕೇತವಿರುವ ಕಾರ್ಡುಗಳನ್ನು ಕೂಟದವರಿಗೆ ಕಳಿಸುವುದು. ಬ್ಯಾಂಡ್‌ಕ್ಯಾಂಪ್‌ನಿಂದ ಹಣ ಬರುವುದು ಪೇಪಾಲ್ ಎಂಬ ಅಂತರ್ಜಾಲ ಪಾವತಿ ಸೇವೆಯ ಮೂಲಕ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿರುವುದರಿಂದ ಊರಿನ ಕೇಳುಗರಿಗೆ ಯುಪಿಐ, ಹೊರದೇಶದವರಿಗೆ ಈ ದಾರಿ ಎಂದು ಬೇರೆ ಬೇರೆ ಇಟ್ಟುಕೊಳ್ಳಬೇಕಾಗುತ್ತದೆ. ಅವರಿಗಾಗಿ ಸಾಹಿತ್ಯದ ಪುಸ್ತಿಕೆಯನ್ನು ಕನ್ನಡ ಲಿಪಿಯ ಎದುರು ಪುಟದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೂ ಕೊಡಿ. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹಾಡು ಕಲಿಸಲು ತಾಯಂದಿರು ಕೇಳುವುದು ಅದನ್ನೇ.